ಬಣ್ಣ ಒಣಗುವ ಮುನ್ನ

ನಮ್ಮಣ್ಣ ನಡೆದು ಬರುವುದನ್ನು ದೂರದಿಂದ ಕಂಡವರಿಗೆ, ಈಗಷ್ಟೇ ಬಣ್ಣ ಬಳಿದ ಯಾವುದೋ ವಸ್ತುವನ್ನು ಈತ ಎರಡು ಕೈಯಲ್ಲೂ ಹಿಡಿದು ತರುತ್ತಿದ್ದಾನೆ, ದಾರಿ ಬಿಡಬೇಕು ಅನ್ನಿಸಿಬಿಡುತ್ತದೆ. ಮೊಣಕೈಗಳು ಪಕ್ಕೆಗೆ ಸೋಕದಷ್ಟು ದೂರ, ಬೆರಳುಗಳು ಒಂದನ್ನೊಂದು ಮುಟ್ಟದಷ್ಟು ಅಗಲ, ಉಸಿರನ್ನು ಅರ್ಧಕ್ಕೆ ತಡೆದಂಥ ಮುಖ, ಹೆಜ್ಜೆಯೋ ಪರಮ ನಿಧಾನ. ಕೈ ಬರಿದಾಗಿದ್ದರೂ ಅದೇ ಗತ್ತು. ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲೂ ಜನ ತಮಗರಿವಿಲ್ಲದೆ ಅವನಿಗೆ ಜಾಗ ಬಿಡುತ್ತಾರೆ. ಬಿಟ್ಟ ಮೇಲೆ ಹಿಂತಿರುಗಿ ಅವನ ಖಾಲಿ ಕೈಗಳನ್ನು ನೋಡಿ ಪೆಚ್ಚಾಗುತ್ತಾರೆ.

ಆ ನಡಿಗೆಗೆ ಒಪ್ಪುವ ಮಾತೊಂದು ಅವನ ನಾಲಿಗೆಯ ತುದಿಯಲ್ಲಿ ಸದಾ ಇರುತ್ತದೆ: "ಒಣಗಲಿ." ಇದನ್ನು ಬಣ್ಣಕ್ಕೆ ಮಾತ್ರ ಹೇಳುತ್ತಿದ್ದರೆ ನಾವ್ಯಾರೂ ಗಮನಿಸುತ್ತಿರಲಿಲ್ಲ. ತಂಗಿಗೆ ಬಂದ ಸಂಬಂಧವೊಂದರ ಬಗ್ಗೆ ಮನೆಮಂದಿಯೆಲ್ಲ ತಲೆ ಕೆಡಿಸಿಕೊಂಡು ಕೂತಿದ್ದಾಗ, ಹಿರಿಯ ಮಗ ನೀನೇನಂತೀಯಾ ಎಂದು ಕೇಳಿದರೆ, "ಒಣಗಲಿ" ಅಂದ. ನಾನೂ ನನ್ನ ತಮ್ಮನೂ ಯಾವುದೋ ಕ್ಷುಲ್ಲಕ ಕಾರಣಕ್ಕೆ ಜಗಳವಾಡಿ ಮಾತು ಬಿಟ್ಟಾಗ, ನಡುವೆ ಬಂದು ಬುದ್ಧಿ ಹೇಳಬೇಕಾದವನು ಇಬ್ಬರ ಮುಂದೆಯೂ ಒಂದೊಂದು ಲೋಟ ಟೀ ಇಟ್ಟು, "ಒಣಗಲಿ" ಅಂದು ಎದ್ದುಹೋದ. ಒಣಗಿತು ಕೂಡ. ನಮ್ಮ ಮಕ್ಕಳೆಲ್ಲ ಸೇರಿ ಅವನಿಗೆ 'ಒಣಗಲಿ ದೊಡ್ಡಪ್ಪ' ಎಂದೇ ನಾಮಕರಣ ಮಾಡಿದ್ದಾರೆ. ಅವನಿಗದು ಬೇಸರವೇನಲ್ಲ.

ಕಸುಬಿನಿಂದ ಅಣ್ಣ ಹಲ್ಲು ಕಟ್ಟುವವನು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು, ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ, ಗುಲಾಬಿ ಬಣ್ಣದ ವಸಡು ಕೂರಿಸಿ, ಉಜ್ಜಿ ನಯಗೊಳಿಸಿ, ಬೊಚ್ಚು ಬಾಯಿಗಳಿಗೆ ನಗೆಯನ್ನು ಮರಳಿ ದೊರಕಿಸಿಕೊಡುವ ಕೆಲಸ. ಆ ಕೆಲಸಕ್ಕೆಂದು ತೊಡುತ್ತಿದ್ದ ಬಿಳಿಯ ಕೋಟನ್ನು ಅವನು ನಿವೃತ್ತನಾದ ಮೇಲೂ ಬಿಟ್ಟಿಲ್ಲ. ವಸಡಿನ ಗುಲಾಬಿ ಕಲೆಗಳ ಪಕ್ಕಕ್ಕೆ ಈಗ ಅವನು ಬಣ್ಣ ಬಳಿಯುವ ಪುಟ್ಟ ಮಾದರಿ ಯುದ್ಧವಿಮಾನಗಳ ಹಸಿರು, ಬೂದು, ಕಂದು ಕಲೆಗಳೂ ಸೇರಿ ಅದು ಶಾಲೆಯ ಗೋಡೆಯ ಭೂಪಟದಂತಾಗಿದೆ. "ಒಗೆಯೋಕೆ ಕೊಡ್ರೀ ಅಂದ್ರೆ, ಬಣ್ಣ ಒಣಗಿದ್ಮೇಲೆ ಹೆಂಗೆ ಕಾಣುತ್ತೆ ಅಂತ ನೋಡೋಕೆ ಇದೇ ನನಗೆ ಆಧಾರ ಅಂತಾರೆ!" ಎಂದು ಅತ್ತಿಗೆ ಬಂದವರ ಮುಂದೆಲ್ಲ ದೂರುತ್ತಾರೆ. ಆ ದೂರಿನಲ್ಲಿ ಒಂದು ಪಾಲು ಹೆಮ್ಮೆಯೂ ಬೆರೆತಿರುತ್ತದೆ.

ಒಮ್ಮೆ ವಕೀಲರೊಬ್ಬರು ತಮ್ಮ ಹಲ್ಲುಗಳು ಮುತ್ತು ಪೋಣಿಸಿದಂತೆ ಇರಬೇಕೆಂದು ಹಟ ಹಿಡಿದರು. ಅಣ್ಣ ಮರುಮಾತಾಡದೆ ಹಾಗೆಯೇ ಮಾಡಿಕೊಟ್ಟ. ಕೆಲವೇ ದಿನಗಳಲ್ಲಿ ವಕೀಲರು ಖುದ್ದಾಗಿ ಮೆಟ್ಟಿಲು ಹತ್ತಿ ಬಂದರು. "ನಾನು ಬಾಯಿ ತೆಗೆದ್ರೆ ಯಾರೂ ಮಾತು ಕೇಳ್ತಾನೇ ಇಲ್ಲ ಕಣಯ್ಯಾ, ಹಲ್ಲನ್ನೇ ನೋಡ್ತಾರೆ!" ಅಣ್ಣ ಮೇಜಿನ ಡ್ರಾಯರು ಎಳೆದು, ಮೊದಲನೆಯದರ ಜೊತೆಯಲ್ಲೇ ಸದ್ದಿಲ್ಲದೆ ಮಾಡಿಟ್ಟಿದ್ದ ಇನ್ನೊಂದು ಸೆಟ್ಟನ್ನು ತೆಗೆದುಕೊಟ್ಟ. ಅದರ ಹಲ್ಲುಗಳಲ್ಲಿ ಜೀವಮಾನವಿಡೀ ಟೀ ಕುಡಿದವರ ಹಳದಿಯಿತ್ತು. ಮುಂದಿನ ಒಂದು ಹಲ್ಲು ಪಕ್ಕದ್ದರ ಹೆಗಲಿಗೆ ತುಸು ಒರಗಿಕೊಂಡಿತ್ತು. ಹೊಸದು ಹೊಸದರಂತೆ ಕಂಡರೆ ಅದು ಯಾರದ್ದೂ ಅಲ್ಲ, ಬಳಸಿದ ಗುರುತು ಮೂಡಿದಾಗಲೇ ಅದಕ್ಕೊಬ್ಬ ಒಡೆಯ ಹುಟ್ಟುವುದು ಎಂಬುದು ಅವನ ನಂಬಿಕೆ. ಇದನ್ನು ಅವನು ಎಂದೂ ಬಾಯಿಬಿಟ್ಟು ಹೇಳಿಲ್ಲ. ಹೇಳಿದ್ದೆಲ್ಲ ಆ ಓರೆ ಹಲ್ಲೇ.

ನಿವೃತ್ತಿಯ ನಂತರ ಅವನಿಗೆ ಹಿಡಿದ ಗೀಳೆಂದರೆ, ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಹಳೆಯ ಯುದ್ಧವಿಮಾನಗಳ ಮಾದರಿ. ಜೋಡಿಸುವುದನ್ನು ಅವನು ತರಕಾರಿ ಹೆಚ್ಚಿದಷ್ಟು ಸಲೀಸಾಗಿ ಮುಗಿಸುತ್ತಾನೆ. ಬಣ್ಣಕ್ಕೆ ಕೂತನೆಂದರೆ ಮಾತ್ರ ಮನೆಯ ಫ್ಯಾನುಗಳೆಲ್ಲ ನಿಲ್ಲಬೇಕು, ಯಾರೂ ಕಸ ಗುಡಿಸಕೂಡದು, ಸೀನುವವರು ಹೊರಗೆ ಹೋಗಿ ಸೀನಬೇಕು. ಅಡಿಬಣ್ಣ, ಅದರ ಮೇಲೆ ತೆಳುವಾಗಿ ಹಸಿರು, ಅದು ಒಣಗಿದ ಮೇಲೆ ಇನ್ನೊಂದು ಹಸಿರು, ಆಮೇಲೆ ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವ, ರೆಕ್ಕೆಯ ಗುರುತುಗಳ ಅಂಟುಚಿತ್ರಗಳು. ಇಷ್ಟಾಗಿ ನಮ್ಮ ಕಣ್ಣಿಗೆ ವಿಮಾನ ಸಿದ್ಧವಾದ ದಿನ ಅವನ ನಿಜವಾದ ಕೆಲಸ ಶುರುವಾಗುತ್ತದೆ: ಅದನ್ನು ಹಳತು ಮಾಡುವುದು. ಸ್ಪಂಜಿನ ಚೂರಿನಿಂದ ಬಣ್ಣ ಕಿತ್ತುಬಂದ ಕಲೆಗಳನ್ನು ಒತ್ತುತ್ತಾನೆ, ಕೂದಲೆಳೆಯಂಥ ಬ್ರಷ್ಷಿನಿಂದ ಎಣ್ಣೆ ಸೋರಿದ ಗೆರೆಗಳನ್ನು ಎಳೆಯುತ್ತಾನೆ, ಹೊಗೆ ಉಗುಳುವ ಕೊಳವೆಗಳ ಹಿಂದೆ ಮಸಿ ಸವರುತ್ತಾನೆ. ಕೊನೆಗೆ, ಆಟಿಕೆಯ ಹೊಳಪನ್ನು ಅಳಿಸಿ ಎಲ್ಲವನ್ನೂ ಮಂಕಾಗಿಸುವ ಒಂದು ವಾರ್ನಿಷ್ ಸಿಂಪಡಿಸುತ್ತಾನೆ. ಏಕೆಂದರೆ ಯುದ್ಧವಿಮಾನ ಹೊಳೆಯಬಾರದು. ಹೊಳೆದರೆ ಶತ್ರುವಿನ ಕಣ್ಣಿಗೆ ಬೀಳುತ್ತದೆ.

ಅತ್ತಿಗೆಯ ತಂದೆ ಈ ಮನೆಯಲ್ಲೇ, ಹೊರಕೋಣೆಯಲ್ಲಿ ಇದ್ದಾರೆ. ಅಣ್ಣನಿಗೆ ಮಾವ, ನಮಗೆಲ್ಲ 'ಮೆಕ್ಯಾನಿಕ್ ಅಜ್ಜ'. ಮೀಸೆ ಮೂಡುವ ವಯಸ್ಸಿನಲ್ಲಿ ಅವರು ಯುದ್ಧಕಾಲದ ವಿಮಾನ ನೆಲೆಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ಅದರ ಬಗ್ಗೆ ಅವರು ಮಾತಾಡಿದ್ದು ಅಷ್ಟಕ್ಕಷ್ಟೆ. ಆದರೆ ಕಣ್ಣನೋಟದ ನಡುಭಾಗ ಮಸುಕಾಗಿ ಅಂಚಷ್ಟೇ ಕಾಣತೊಡಗಿ, ವೈದ್ಯರು ಇದಕ್ಕೆ ಮದ್ದಿಲ್ಲ, ನಿಧಾನವಾಗಿ ಪೂರ್ತಿ ಹೋಗುತ್ತದೆ ಎಂದು ಹೇಳಿ ಕಳಿಸಿದ ದಿನ, ಅಜ್ಜ ಅಳಿಯನ ಮೇಜಿನ ಬಳಿ ಕುರ್ಚಿ ಎಳೆದು ಕೂತರು.

"ನನ್ನ ವಿಮಾನ ಒಂದು ಮಾಡಿಕೊಡ್ತೀಯೇನಪ್ಪಾ?"

"ನೀವು ವಿಮಾನಾನೂ ಹಾರಿಸ್ತಿದ್ರಾ ಮಾವ?"

"ಹಾರಿಸೋರು ಬದಲಾಗ್ತಿದ್ರು. ವಿಮಾನ ನಂದೇ."

ಆ ವಿಮಾನ ಒಂದು ಬೆಳಿಗ್ಗೆ ಹೋದದ್ದು ಮರಳಲಿಲ್ಲ. ಅಂದು ಅದನ್ನು ಒಯ್ದ ಹುಡುಗನಿಗೆ ಬೆಲ್ಟು ಬಿಗಿದು, ಗಾಜಿನ ಮುಚ್ಚಳ ಎಳೆದು, ಹೆಗಲು ತಟ್ಟಿ ಕಳಿಸಿದವರು ಅಜ್ಜನೇ. ಮಿಕ್ಕ ವಿಮಾನಗಳೆಲ್ಲ ಬಂದಿಳಿದ ಮೇಲೂ ಅವರು ಓಡುದಾರಿಯ ಅಂಚಿನಲ್ಲಿ ನಿಂತೇ ಇದ್ದರಂತೆ. ಯಾರೋ ಬಂದು ತೋಳು ಹಿಡಿದು ಕರೆದುಕೊಂಡು ಹೋದರಂತೆ. ಈಗ ಅವರಿಗಿದ್ದ ಆಸೆ ಒಂದೇ: ಕಣ್ಣು ಪೂರ್ತಿ ಮುಚ್ಚುವ ಮೊದಲು ಅದನ್ನೊಮ್ಮೆ ನೋಡಬೇಕು.

ಅಂದಿನಿಂದ ಮಾವ ಅಳಿಯಂದಿರ ವರಸೆಯೇ ಬೇರೆಯಾಯಿತು. ಅಜ್ಜ ಹೇಳುವುದು, ಅಣ್ಣ ಹಚ್ಚುವುದು. ಎಂಜಿನ್ನಿನ ಮುಚ್ಚಳ ಬೇರೊಂದು ಕೆಟ್ಟ ವಿಮಾನದಿಂದ ತಂದು ಕೂರಿಸಿದ್ದು, ಅದರ ಹಸಿರು ಉಳಿದ ಮೈಯ ಹಸಿರಿಗಿಂತ ಕಪ್ಪು. ಎಡರೆಕ್ಕೆಯ ಬುಡದಲ್ಲಿ, ಹತ್ತಿ ಇಳಿದೂ ಹತ್ತಿ ಇಳಿದೂ, ಅಜ್ಜನ ಬೂಟಿಗೇ ಬಣ್ಣ ಸವೆದು ತಗಡು ಕಾಣುತ್ತಿತ್ತು. ಅಣ್ಣ ಅಲ್ಲಿ ಬೆಳ್ಳಿಬಣ್ಣ ಒತ್ತಿ ತೋರಿಸಿದರೆ, ಅಜ್ಜ ಮುಖ ಓರೆ ಮಾಡಿ, ಕಣ್ಣಂಚಿನಿಂದ ನೋಡಿ, "ಇಷ್ಟು ಸಾಲದು, ನಾನೇನು ಒಂಟಿಕಾಲಲ್ಲಿ ಹತ್ತುತ್ತಿದ್ನಾ?" ಎಂದು ರೇಗಿಸುವರು. ಅಣ್ಣ ಇನ್ನಷ್ಟು ಸವೆಸುವನು. ಇನ್ನೊಬ್ಬರ ಬೂಟಿನ ಗುರುತನ್ನು ಅಷ್ಟು ಭಕ್ತಿಯಿಂದ ಬರೆದ ಕೈಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಕಣ್ಣು ಅಣ್ಣನ ಲೆಕ್ಕಾಚಾರಕ್ಕೆ ಕಾಯುವ ಪೈಕಿಯದಲ್ಲ. ಮೊದಲು ಅಜ್ಜನಿಗೆ ಎದುರಿಗೆ ಕೂತವರ ಮುಖ ಕಾಣದಾಯಿತು. ಆಮೇಲೆ ತಟ್ಟೆಯಲ್ಲಿದ್ದ ಅನ್ನ. ಅತ್ತಿಗೆ ಒಂದು ಬೆಳಿಗ್ಗೆ ಮೇಜಿನ ಮುಂದೆ ನಿಂತು, ಎಂದೂ ಏರಿಸದ ದನಿಯನ್ನು ಏರಿಸಿದರು. "ನಿಮ್ಮ ಬಣ್ಣ ಒಣಗೋ ಹೊತ್ತಿಗೆ ನಮ್ಮಪ್ಪನ ಕಣ್ಣು ಇರಲ್ಲ. ಒಂದು ಸಲ, ಒಂದೇ ಒಂದು ಸಲ, ಬೇಗ ಮುಗಿಸ್ರೀ."

ಅಣ್ಣ ಜನ್ಮದಲ್ಲಿ ಮೊದಲ ಬಾರಿಗೆ ಅವಸರಪಟ್ಟ. ಹೊರಗೆ ಜಡಿಮಳೆ ಹಿಡಿದಿತ್ತು. ಗಾಳಿಯಲ್ಲಿ ತೇವವಿರುವಾಗ ಆ ಕೊನೆಯ ವಾರ್ನಿಷ್ಷನ್ನು ಸಿಂಪಡಿಸಬಾರದೆಂದು ಅವನೇ ನಮಗೆಲ್ಲ ಉಪನ್ಯಾಸ ಕೊಡುತ್ತಿದ್ದ. ಅಂದು ಸಿಂಪಡಿಸಿದ. ನೋಡನೋಡುತ್ತಿದ್ದಂತೆ ವಿಮಾನದ ಮೈಮೇಲೆಲ್ಲ ಬೂದಿ ಚೆಲ್ಲಿದಂತೆ ಬಿಳಿ ಕವಿಯಿತು. ಎರಡು ಹಸಿರೂ, ಮಸಿಯೂ, ಎಣ್ಣೆಯ ಗೆರೆಗಳೂ, ಬೂಟಿನ ಸವೆತವೂ ಅದರಡಿ ಮುಚ್ಚಿಹೋದವು. ಆ ಹೊತ್ತಿಗೆ ನಾನಲ್ಲಿದ್ದೆ. ಅಣ್ಣ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು, ತನ್ನವಲ್ಲವೆಂಬಂತೆ ಅವನ್ನೇ ನೋಡುತ್ತ ಕೂತ.

ಪೂರ್ತಿ ಕೆರೆದು ಮೊದಲಿನಿಂದ ಮಾಡಲು ಸಮಯವಿರಲಿಲ್ಲ. ಉಳಿದದ್ದು ಒಂದೇ ಉಪಾಯ: ಬಿಳಿಯ ಮೇಲೆ ಹೊಳೆಯುವ ವಾರ್ನಿಷ್ಷನ್ನು ದಪ್ಪನಾಗಿ ಬಳಿಯುವುದು. ಹಿಡಿದರೆ ಬಿಳಿ ಕರಗಿ ಬಣ್ಣಗಳು ಮೇಲೆದ್ದು ಬರುತ್ತವೆ, ಹಿಡಿಯದಿದ್ದರೆ ಎಲ್ಲ ಮಣ್ಣುಪಾಲು. ಮಳೆ ಬಿಟ್ಟ ಬೆಳಿಗ್ಗೆ ಅಣ್ಣ ಬಳಿದ. ಒಂದೊಂದಾಗಿ ಹಸಿರುಗಳು ಬಂದವು, ಮಸಿ ಬಂತು, ಸವೆದ ತಗಡು ಬಂತು. ಆದರೆ ವಿಮಾನ ಈಗಷ್ಟೇ ಎಣ್ಣೆಯಲ್ಲಿ ಮಿಂದು ಎದ್ದಂತೆ ಥಳಥಳ ಹೊಳೆಯುತ್ತಿತ್ತು. ಅದು ಒಣಗಿ, ಮತ್ತೆ ಮಂಕು ವಾರ್ನಿಷ್ ಹಾಕಿ, ಅದೂ ಒಣಗಿದರೆ ಮಾತ್ರ ಅವನ ಶಾಸ್ತ್ರದ ಪ್ರಕಾರ ಮುಗಿದಂತೆ. ಅಣ್ಣ ಮೇಜಿನಿಂದ ಎದ್ದು, "ಮಾವನ್ನ ಮೇಲೆ ಕರ್ಕೊಂಡು ಬಾ" ಎಂದು ನನಗೆ ಹೇಳಿದ.

ತಾರಸಿಯ ಕುರ್ಚಿಯಲ್ಲಿ ಅಜ್ಜನನ್ನು ಕೂರಿಸಿದೆವು. ಅಣ್ಣ ವಿಮಾನವನ್ನು ಮುಖದೆದುರು ಹಿಡಿದ.

"ಕಾಣಲ್ಲಪ್ಪಾ," ಅಂದರು ಅಜ್ಜ. ಆ ದನಿ ತೀರಾ ಸಣ್ಣದಾಗಿತ್ತು. ಮುಖವನ್ನು ಓರೆಯಾಗಿ ತಿರುಗಿಸಿ, "ಎದುರಿಗೆ ಹಿಡೀಬೇಡ. ಪಕ್ಕದಿಂದ ತಾ. ದೂರದಿಂದ ತಾ," ಅಂದರು.

ಅಣ್ಣ ತಾರಸಿಯ ಆ ತುದಿಗೆ ಹೋದ. ಹಸಿ ಬಣ್ಣದಲ್ಲಿ ಬೆರಳೂರಿ ವಿಮಾನದ ಹೊಟ್ಟೆಯನ್ನು ಭದ್ರವಾಗಿ ಹಿಡಿದ. ಬೇರೆ ಯಾರಾದರೂ ಹಾಗೆ ಹಿಡಿದಿದ್ದರೆ ಅವನು ಮನೆಯಿಂದಲೇ ಹೊರಗಟ್ಟುತ್ತಿದ್ದ. ಬಳಿಕ ತಲೆ ನರೆತ, ಮೊಮ್ಮಕ್ಕಳ ಮುಂದೆಯೂ ಎಂದೂ ಆಟವಾಡಿ ಗೊತ್ತಿಲ್ಲದ ನನ್ನ ಅಣ್ಣ, ಕೈಯನ್ನು ತಲೆಯೆತ್ತರಕ್ಕೆ ಏರಿಸಿ, ಕೋಟು ಹಾರಾಡಿಸಿಕೊಂಡು, ಅಜ್ಜನ ಬಲಗಣ್ಣಿನಂಚಿನ ಕಡೆಯಿಂದ ವಿಮಾನವನ್ನು ತರುತ್ತ ಓಡಿಬಂದ. ನಡುವೆ ಸಣ್ಣದಾಗಿ ಓರೆಯಾಗಿ ವಾಲಿಸಿದ. ಒಣಗದ ರೆಕ್ಕೆಯ ಮೇಲೆ ಎಳೆಬಿಸಿಲು ಬಿದ್ದು ಫಳಕ್ಕನೆ ಮಿಂಚಿತು. ಮಂಕು ಬಣ್ಣವಾಗಿದ್ದರೆ ಆ ಕಣ್ಣಿಗೆ ಕಾಣುತ್ತಿತ್ತೋ ಇಲ್ಲವೋ, ನನಗೆ ತಿಳಿಯದು.

ಅಜ್ಜ ಕುರ್ಚಿಯ ಕೈಗಳನ್ನು ಊರಿ ಎದ್ದು ನಿಂತರು.

"ಬಂತು," ಅಂದರು. "ಬಂತು ಕಣೋ. ಚಕ್ರ ಇಳಿಸಿದಾನಾ?"

"ಇಳಿಸಿದಾನೆ ಮಾವ," ಅಂದ ಅಣ್ಣ, ಏದುಸಿರು ಬಿಡುತ್ತ.

"ಹಾಗಾದ್ರೆ ಪರವಾಗಿಲ್ಲ."

ಅಣ್ಣ ಬಾಗಿ, ಅಜ್ಜನ ಪಾದದ ಬಳಿ, ಮಳೆನೀರು ಇನ್ನೂ ಆರದ ನೆಲದ ಮೇಲೆ ವಿಮಾನವನ್ನು ಇಳಿಸಿದ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನಾನೂ ಅತ್ತುಬಿಟ್ಟೆ; ಅದನ್ನು ಮುಚ್ಚಿಡುವ ಅಗತ್ಯವೇನೂ ಇಲ್ಲ.

ಈಗ ಅಜ್ಜನಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಗೊತ್ತಾಗುತ್ತದೆ. ವಿಮಾನ ಅವರ ತಲೆದೆಸೆಯಲ್ಲಿದೆ. ಹೊಟ್ಟೆಯಲ್ಲಿ ಅಣ್ಣನ ಬೆರಳಚ್ಚುಗಳನ್ನು ಹೊತ್ತು, ಮೈಯೆಲ್ಲ ಹೊಳೆಯುತ್ತ ನಿಂತಿದೆ. ಈ ಹವ್ಯಾಸದವರು ಮನೆಗೆ ಬಂದಾಗ ಅದನ್ನು ಕಂಡು, ಕೊನೆಯ ಕೆಲಸ ಬಾಕಿ ಉಳಿದಿದೆಯಲ್ಲ ಎಂದು ಮೆಲ್ಲಗೆ ಸೂಚಿಸುತ್ತಾರೆ. ಅಣ್ಣ ನಕ್ಕು ಬೇರೆ ಮಾತು ತೆಗೆಯುತ್ತಾನೆ.

ಇಂಥ ಕುಸುರಿಗಾರರನ್ನು ಕಂಡಾಗ ನಾವು, ಲೋಕದ ಪರಿವೆಯಿಲ್ಲದೆ ಜಡವಸ್ತುಗಳಲ್ಲಿ ಮುಳುಗಿದವರು ಎಂದು ಮರುಕಪಡುತ್ತೇವೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಆದರೆ ಒಂದು ಹಲ್ಲಿನ ಓರೆಯನ್ನೋ, ಒಂದು ರೆಕ್ಕೆಯ ಸವೆತವನ್ನೋ ಅಷ್ಟು ದೀರ್ಘವಾಗಿ ದಿಟ್ಟಿಸುವವರು ನಿಜಕ್ಕೂ ನೋಡುತ್ತಿರುವುದು ಅದನ್ನು ಬಳಸಿದ ಮನುಷ್ಯನನ್ನು. ಮಾತಿನಲ್ಲಿ ಸಮಾಧಾನ ಹೇಳಲು ಬಾರದ ಈ ಜನ, ಇನ್ನೊಬ್ಬರು ಕಾಯುತ್ತ ನಿಂತ ಜಾಗಕ್ಕೆ ಸದ್ದಿಲ್ಲದೆ ಹೋಗಿ, ಅವರು ಕಾಯುತ್ತಿದ್ದುದನ್ನು ತಮ್ಮ ಕೈಯಾರೆ ಮಾಡಿ ತರುತ್ತಾರೆ. ಅದಕ್ಕಾಗಿ ತಮ್ಮ ಕೆಲಸದ ಪರಿಪೂರ್ಣತೆಯನ್ನೇ ಬಿಟ್ಟುಕೊಡಬೇಕಾಗಿ ಬಂದರೆ, ಬಿಟ್ಟುಕೊಟ್ಟು ಓಡಿ ಬರುತ್ತಾರೆ.