ಹೆಂಗಸರ ಇಸಿಜಿ ಬುಧವಾರ

"ಎದಿ ನೋವೈತೇನ್ರಿ?" ಶನಿವಾರ ತಾವೇ ಬರೆದುಕೊಟ್ಟ ಚೀಟಿಯಿಂದ ತಲೆ ಎತ್ತದೆ ಡಾಕ್ಟರು ಕೇಳಿದರು.

"ಎದಿ ಅಲ್ರೀ ಸಾಹೇಬ್ರ. ದವಡಿ ಹಿಡದೈತಿ. ಬೆನ್ನಾಗ ಕಲ್ಲಿಟ್ಟಂಗ. ನಾಕು ಹೆಜ್ಜಿ ನಡದ್ರ ದಮ್ಮು ಹತ್ತತೈತಿ," ಎಂದಳು ಪಾರ್ವತವ್ವ.

"ಮತ್ತ ಅದ ಗ್ಯಾಸು. ಮುಟ್ಟು ನಿಂತ ಮ್ಯಾಲ ಹೆಣ್ಮಕ್ಕಳಿಗೆ ಹಿಂಗ. ಅದ ಗುಳಿಗಿ ಇನ್ನೈದು ದಿವಸ ನುಂಗ್ರಿ."

ಅದಕ್ಕೂ ಮೊದಲು ಶುಕ್ರವಾರ ಶಿರಸಿಗೆ ಹೋಗಿ ಒಂದು ಗಟ್ಟಿ ಹಲ್ಲನ್ನೂ ಕೀಳಿಸಿಕೊಂಡು ಬಂದಿದ್ದಳು. ಹಲ್ಲು ಹೋಯಿತು, ದವಡೆ ನೋವು ಹೋಗಲಿಲ್ಲ. ಇವತ್ತು ಸೋಮವಾರ, ಅನಾನಸ್ ತೋಟದ ಸಾಲಿನಲ್ಲಿ ಬಗ್ಗಿದವಳು ಏಳಲಾಗದೆ ಅಲ್ಲೇ ಕೂತುಬಿಟ್ಟಿದ್ದಳು.

"ನಡಿ," ಎಂದ ಗಂಡ ಬಸವರಾಜ. "ನನಗ ಬಂದಿದ್ದು ಬ್ಯಾರೆ. ನನಗ ಎದೀನ ಒಡದಂಗಾಗಿತ್ತು."

ಹೋದ ವರ್ಷ ಅವನು ಎದೆ ಹಿಡಿದುಕೊಂಡು ಬಂದಾಗ ಇದೇ ದವಾಖಾನೆಯಲ್ಲಿ ಚಪ್ಪಲಿ ಸಹ ಬಿಡಿಸದೆ ಮಲಗಿಸಿ ತಂತಿ ಹಚ್ಚಿದ್ದರು. ಅರ್ಧ ತಾಸಿನಲ್ಲಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಗಾಡಿ ಹತ್ತಿಸಿದ್ದರು.

ಪಾರ್ವತವ್ವ ಗಂಡಸರು ಪಾಳಿ ಕಾಯುತ್ತಿದ್ದ ಹೊರಗಿನ ಹಾಲಿಗೆ ಬಂದು, ಇಸಿಜಿ ಯಂತ್ರ ನಡೆಸುವ ಉಲ್ಲಾಸನ ಮುಂದೆ ನಿಂತಳು. "ಇವರಿಗೆ ಹಚ್ಚಿದ್ದು ನನಗೂ ಹಚ್ಚೋ ತಮ್ಮಾ."

"ಹೆಂಗಸರದ್ದು ಬುಧವಾರ ಅಕ್ಕಾ. ಆವತ್ತು ಸಿಸ್ಟರ್ ಬರ್ತಾರೆ. ರವಿಕೆ ತೆಗಿಬೇಕಾಗ್ತದೆ, ನಾ ಹೆಂಗೆ ಮುಟ್ಟೋದು?"

"ಬುಧವಾರತನಕ ತಡಿ ಅಂತ ಈ ನೋವಿಗೆ ನೀನ ಹೇಳು ಹಂಗಾರ."

"ಏ, ಮರ್ಯಾದಿ ತಗೀಬ್ಯಾಡ," ಬಸವರಾಜ ಹಲ್ಲು ಕಚ್ಚಿದ.

"ನಿಮ್ಮ ಅಂಗಿ ಗುಂಡಿ ಕಿತ್ತು ಎಳದ್ರಲ್ಲ, ಆವತ್ತು ಯಾರ ಮರ್ಯಾದಿ ಹೋತ್ರೀ?"

ಯಂತ್ರದ ಪಕ್ಕದ ಪರದೆಯಿಲ್ಲದ ಮಂಚ ಹತ್ತಿ ಮಲಗಿದಳು. ಅನಾನಸ್ ಎಲೆ ಗೀರಿದ ಬೆರಳುಗಳಿಂದ ರವಿಕೆಯ ಹುಕ್ಕುಗಳನ್ನು ಒಂದೊಂದಾಗಿ ಬಿಚ್ಚಿದಳು. "ಹಚ್ಚು."

ಉಲ್ಲಾಸ ತಂತಿಗಳನ್ನು ಹಚ್ಚಿದ. ಯಂತ್ರ ಕಿರ್‍ರೆಂದು ಕಾಗದ ಉಗುಳಿತು. ಅದನ್ನು ನೋಡಿದವನೇ, "ಸರ್!" ಎಂದು ಕೂಗಿದ.

ಡಾಕ್ಟರು ಓಡಿ ಬಂದು ಕಾಗದ ಹಿಡಿದರು. "ಯಾವಾಗಿಂದ ಐತ್ರೀ ಇದು?"

"ಶನಿವಾರನ ಹೇಳಿದ್ನಲ್ರೀ..." ಅವಳ ತುಟಿ ಬಿಳಿಚಿತ್ತು, ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಕಿವಿಯತ್ತ ಇಳಿಯುತ್ತಿತ್ತು.

"ಗಾಡಿಗೆ ಫೋನ್ ಹಚ್ಚು! ಯಾರರ ಇಬ್ರು ಬರ್ರಿ, ಎತ್ತಬೇಕು!"

ಯಾರೂ ಬರಲಿಲ್ಲ. ಹಾಲಿನಲ್ಲಿದ್ದ ಗಂಡಸರೆಲ್ಲ ಅವಳು ಹುಕ್ಕಿಗೆ ಕೈ ಹಾಕಿದಾಗಲೇ ಗೋಡೆಗೆ ಮುಖ ಮಾಡಿದ್ದರು. ಪಾರ್ವತವ್ವ ಕತ್ತು ಹೊರಳಿಸಿದಳು. ಬರೀ ಬೆನ್ನುಗಳ ಸಾಲು ಕಂಡಿತು. ಕೊನೆಯದು ಬಸವರಾಜನದು.