ಬಾಗಿದ ಕಿರುಬೆರಳು

ಹಾಜರಿ ಪುಸ್ತಕದಲ್ಲಿ ಅವಳು ಸನ್ನೆಭಾಷೆಯ ದುಭಾಷಿ, ಮಕ್ಕಳ ಬಾಯಲ್ಲಿ ಕೈಯಕ್ಕ. ಮೇಷ್ಟರು ಬಾಯಿ ತೆರೆದರೆ ಇವಳ ಕೈ ಏಳಬೇಕು, ಮುಚ್ಚಿದರೆ ಇಳಿಯಬೇಕು. ಅವರ ತಮಾಷೆ ಎಷ್ಟೇ ಸಪ್ಪೆಯಾಗಿದ್ದರೂ ಉಪ್ಪುಖಾರ ಹಚ್ಚದೆ ದಾಟಿಸಬೇಕು. ತರಗತಿಯಲ್ಲಿ ಊರಿನವರ ಮಾತನ್ನೆಲ್ಲ ಆಡುವ ಅವಳು ತನ್ನದೊಂದು ಮಾತನ್ನೂ ಸೇರಿಸುವಂತಿಲ್ಲ. ಕೆಲಸವೇ ಹಾಗೆ.

ಇಷ್ಟೆಲ್ಲ ನಡೆಯುತ್ತಿದ್ದದ್ದು ಒಬ್ಬಳೇ ಹುಡುಗಿಗಾಗಿ. ಹತ್ತನೇ ತರಗತಿಯ ಮೊದಲ ಬೆಂಚಿನ ಆ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳದು. ಕೇಳದಿದ್ದರೇನು, ಕಂಡದ್ದಕ್ಕೆಲ್ಲ ‘ಯಾಕೆ’ ಎಂದು ಕೈಯಾಡಿಸಿ ವಾದ ಹೂಡುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು ಬಿದ್ದಿತ್ತು.

ಕೈಯಕ್ಕನಿಗೆ ಮೊದಲು ಸನ್ನೆ ಕಲಿಸಿದ್ದು ಅವಳ ಅಮ್ಮ. ಅಮ್ಮನಿಗೂ ಕಿವಿ ಕೇಳುತ್ತಿರಲಿಲ್ಲ. ಬಟ್ಟೆ ಹೊಲಿದು ಸಂಸಾರ ತೂಗಿಸಿದವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಾಗಾಗಿ ತನಗೆ ತೋಚಿದ ಸನ್ನೆಗಳನ್ನೇ ಕಟ್ಟಿಕೊಂಡಿದ್ದಳು. ಅವುಗಳಲ್ಲಿ ಹೆಚ್ಚು ದುಡಿದದ್ದು ‘ನಾಳೆ’. ಬಟ್ಟೆ ಯಾವಾಗ ಕೊಡ್ತೀಯಾ ಎಂದು ಯಾರೇ ಬಂದು ನಿಲ್ಲಲಿ, ಅಮ್ಮ ಕಣ್ಣು ಮುಚ್ಚಿ ರೆಪ್ಪೆಯನ್ನು ಬೆರಳಿಂದ ಸವರಿ, ಮತ್ತೆ ಕಣ್ಣು ಬಿಟ್ಟು ಅಂಗೈ ತೆರೆಯುತ್ತಿದ್ದಳು. ಮಲಗಿ ಎದ್ದರೆ ನಾಳೆ. ಎಷ್ಟು ನಾಳೆಗಳಾದ ಮೇಲೆ ಬಟ್ಟೆ ಕೈಗೆ ಬರುತ್ತಿತ್ತು ಅನ್ನುವುದು ಬೇರೆ ಮಾತು. ಒಮ್ಮೆ ಮಿಷನ್ನಿನ ಸೂಜಿ ಹೊಕ್ಕು ಅವಳ ಬಲಗೈ ಕಿರುಬೆರಳು ಬಾಗಿಯೇ ಉಳಿದಿತ್ತು. ಮಗಳು ಅದೂ ಸನ್ನೆಯ ಭಾಗವೆಂದು ತಿಳಿದು, ನೆಟ್ಟಗಿದ್ದ ತನ್ನ ಬೆರಳನ್ನು ಬಾಗಿಸಿಯೇ ‘ನಾಳೆ’ ಕಲಿತಳು.

ಕಳೆದ ವರ್ಷ ಅಮ್ಮ ತೀರಿಕೊಂಡಳು. ಮನೆಯಲ್ಲಿ ಗಂಡನಿದ್ದ, ಟಿವಿ ಇತ್ತು, ಮಾತಿಗೇನೂ ಬರವಿರಲಿಲ್ಲ. ಆದರೆ ಆ ಕೈಮಾತು ಅಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ಅಮ್ಮನನ್ನು ಕರೆಯಬೇಕಾದರೆ ಕಾಲಿನಿಂದ ನೆಲ ಗುದ್ದುವುದು ಚಿಕ್ಕಂದಿನ ರೂಢಿ. ಒಂದು ದಿನ ಅಡುಗೆಮನೆಯಲ್ಲಿ ಕಾಲು ತಾನಾಗಿಯೇ ಗುದ್ದಿತು. ಜಿರಳೆಯಾ ಎಂದು ಗಂಡ ನಡುಮನೆಯಿಂದಲೇ ಕೇಳಿದ. ಹೂಂ ಎಂದಳು.

ಅಮ್ಮನ ಕಾರ್ಯ ಮುಗಿಸಿ ಕೆಲಸಕ್ಕೆ ಮರಳಿದ ದಿನ ಮೇಷ್ಟರು ನಾಳೆ ಟೆಸ್ಟು ಎಂದರು. ಕೈಯಕ್ಕನ ಕೈ ಅವಳನ್ನು ಕೇಳದೆ ಅಮ್ಮನ ‘ನಾಳೆ’ಯನ್ನು ಆಡಿಬಿಟ್ಟಿತು. ಹುಡುಗಿ ಹುಬ್ಬೇರಿಸಿದಳು, ಅರ್ಥ ಮಾಡಿಕೊಂಡಳು. ಸಂಜೆ ಗೇಟಿನ ಹತ್ತಿರ ‘ನಾಳೆ ಸಿಗೋಣ’ ಎನ್ನುವಾಗ ಅದೇ ಸನ್ನೆ ಮಾಡಿದಳು, ಕಿರುಬೆರಳು ಬಾಗಿಸುವುದನ್ನೂ ಬಿಡದೆ. ಕೈಯಕ್ಕನಿಗೆ ಅಮ್ಮ ಬಂದು ಮುಖ ತೋರಿಸಿ ಹೋದ ಹಾಗಾಯಿತು. ಅಲ್ಲೇ ತಿದ್ದಬೇಕಿತ್ತು, ತಿದ್ದಲಿಲ್ಲ. ಅಂದಿನಿಂದ ಬೆಳಗಾದರೆ ಸಂಜೆಯನ್ನು ಕಾಯುವುದೇ ಅವಳ ಕೆಲಸವಾಯಿತು.

ಹೀಗೇ ನಡೆಯುತ್ತಿತ್ತೋ ಏನೋ, ವಾರ್ಷಿಕ ಪರೀಕ್ಷೆ ಬಾಗಿಲಿಗೆ ಬಂತು. ವಿಜ್ಞಾನದಲ್ಲಿ ಮೌಖಿಕ ಪರೀಕ್ಷೆಯೂ ಇತ್ತು. ಅದಕ್ಕೆ ಶಾಲೆಯ ದುಭಾಷಿ ಕೂರುವಂತಿಲ್ಲ, ಹೊರಗಿನವರೇ ಬರಬೇಕು. ಪಾಸಾದರೆ ದೂರದ ಕಾಲೇಜಿನಲ್ಲಿ ಸೀಟು, ಹಾಸ್ಟೆಲ್ಲು. ವಕೀಲಮ್ಮ ಒಂದು ವರ್ಷದಿಂದ ಅದನ್ನೇ ಕನವರಿಸುತ್ತಿದ್ದಳು.

ಪರೀಕ್ಷೆಯ ತಾಲೀಮಿನ ದಿನ ಹೊರಗಿನ ದುಭಾಷಿ ಬಂದ. ಕೈಯಕ್ಕ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಳು. ಇವತ್ತು ಬಟ್ಟೆಯಲ್ಲಿ ಕಟ್ಟಿಟ್ಟ ನೆನೆದ ಕಾಳು ಯಾವಾಗ ಮೊಳಕೆ ಬರುತ್ತದೆ ಎಂದು ಮೇಷ್ಟರು ಕೇಳಿದರು. ಹುಡುಗಿ ಥಟ್ಟನೆ ಉತ್ತರಿಸಿದಳು. ಆ ದುಭಾಷಿ ಪಾಪ, ಕಂಡದ್ದನ್ನು ಕಂಡ ಹಾಗೆ ಹೇಳಿದ.

"ಕಾಳು ಕಣ್ಣು ಮುಚ್ಚಿ ಮಲಗುತ್ತೆ, ಆಮೇಲೆ ಏಳುತ್ತೆ."

ತರಗತಿ ಗೊಳ್ಳೆಂದಿತು. ಮೇಷ್ಟರೂ ನಗು ತಡೆಯಲಾರದೆ, ಇದಕ್ಕೆ ಅಂಕ ಕೊಡಲಾಗುವುದಿಲ್ಲ ಎಂದರು. ಹುಡುಗಿಗೆ ನಗು ಕೇಳಿಸದಿದ್ದರೂ ಕಾಣಿಸಿತು. ಅವಳು ಹಿಂದೆ ತಿರುಗಿ ಕೈಯಕ್ಕನ ಮುಖ ನೋಡಿದಳು.

ಎಲ್ಲರೂ ಹೋದ ಮೇಲೆ ಕೈಯಕ್ಕ ಒಪ್ಪಿಕೊಂಡಳು. ಆ ಸನ್ನೆ ನಮ್ಮ ಮನೆಯದು, ಹೊರಗೆ ಯಾರಿಗೂ ಗೊತ್ತಿಲ್ಲ ಎಂದಳು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅಕ್ಕ?" ಎಂದವು ಹುಡುಗಿಯ ಕೈಗಳು.

"ಅದು ನಮ್ಮಮ್ಮನದು ಕಣೇ. ಅಮ್ಮ ಈಗಿಲ್ಲ. ನಿನ್ನ ಕೈಯಲ್ಲಿ ನೋಡ್ತಾ ಇರ್ಬೇಕು ಅನ್ನಿಸ್ತು."

ವಕೀಲಮ್ಮ ಅವತ್ತು ವಾದ ಹೂಡಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟುಹೋದಳು. ಕೈಯಕ್ಕನಿಗೆ ಬೈಸಿಕೊಂಡಿದ್ದರೇ ವಾಸಿ ಅನ್ನಿಸಿತು.

ಮರುದಿನ ಹುಡುಗಿ ತಾನಾಗಿಯೇ ಬಂದಳು. ಆಮೇಲೆ ದಿನವೂ ಇಬ್ಬರೂ ಲ್ಯಾಬಿನ ಮೂಲೆಯಲ್ಲಿ ಕೂತು ಪಟ್ಟು ಹಿಡಿದು ಅಭ್ಯಾಸ ಮಾಡಿದರು. ಎಲ್ಲರೂ ಬಳಸುವ ‘ನಾಳೆ’ ಹುಡುಗಿಗೆ ಹಿಂದಿನಿಂದಲೂ ಬರುತ್ತಿತ್ತು, ಕೈ ಬೇಗ ಅದಕ್ಕೆ ಮರಳಿತು. ಕಿರುಬೆರಳು ಮಾತ್ರ ಹಟಮಾರಿ, ಆ ಸನ್ನೆಯಲ್ಲೂ ಬಾಗುತ್ತಿತ್ತು. ಕೈಯಕ್ಕ ಅದನ್ನು ಹಿಡಿದು ನೆಟ್ಟಗೆ ಮಾಡುತ್ತಿದ್ದಳು. ಅದು ಮತ್ತೆ ಬಾಗುತ್ತಿತ್ತು, ಇವಳು ಮತ್ತೆ ನೆಟ್ಟಗೆ ಮಾಡುತ್ತಿದ್ದಳು. ಅಮ್ಮನನ್ನು ತನ್ನ ಕೈಯಾರೆ ಮನೆಯಿಂದ ಹೊರಗೆ ಕಳಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಕೊನೆಗೊಂದು ದಿನ ಬೆರಳು ನೆಟ್ಟಗೆ ನಿಂತಿತು. ಆ ಸಂಜೆ ಗೇಟಿನ ಹತ್ತಿರ ಹುಡುಗಿ ಎಲ್ಲರ ಹಾಗೆಯೇ ‘ನಾಳೆ’ ಎಂದು ಹೋದಳು. ಭೇಷ್ ಎಂದು ಕಳಿಸಿದ ಕೈಯಕ್ಕ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು.

ಪರೀಕ್ಷೆಯ ದಿನ ಅವಳಿಗೆ ಒಳಗೆ ಪ್ರವೇಶವಿರಲಿಲ್ಲ. ಬಾಗಿಲ ಗಾಜಿನಲ್ಲಿ ನೋಡುತ್ತಾ ನಿಂತಳು. ಹುಡುಗಿಯ ಕೈ ಎಲ್ಲೂ ತಡವರಿಸಲಿಲ್ಲ. ಹೊರಗಿನ ದುಭಾಷಿಯ ತುಟಿ ಅಲ್ಲಾಡಿದಾಗಲೆಲ್ಲ ಪರೀಕ್ಷಕರು ತಲೆಯಾಡಿಸಿದರು. ಹುಡುಗಿ ಸೀಟು ಹೊಡೆದಳು, ಹೋಗೇಬಿಡುತ್ತಾಳೆ ಎಂದು ಕೈಯಕ್ಕನಿಗೆ ಆಗಲೇ ಖಾತ್ರಿಯಾಯಿತು. ಹೆಮ್ಮೆ ಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಹುಡುಗಿ ಹೊರಗೆ ಬಂದು ಚೀಲವನ್ನು ಜಗಲಿಯ ಬೆಂಚಿನ ಮೇಲೆ ಎಸೆದಳು. ಪರೀಕ್ಷೆ ಹೇಗಾಯಿತೆಂದು ಹೇಳುವ ಗೋಜಿಗೂ ಹೋಗಲಿಲ್ಲ.

"ಮುಗೀತಲ್ಲ ಅಕ್ಕ. ಇನ್ನು ಯಾರ ಅಂಕಾನೂ ಹೋಗಲ್ಲ. ನಿಮ್ಮಮ್ಮ ‘ನಿನ್ನೆ’ ಅಂತ ಹೇಗೆ ಹೇಳ್ತಿದ್ರು?"

ಅಮ್ಮನ ಬಗ್ಗೆ ಅವಳನ್ನು ಇಷ್ಟು ದಿನ ಯಾರೂ ಏನೂ ಕೇಳಿರಲಿಲ್ಲ. ಕೈಯಕ್ಕ ಬೆಂಚಿನ ತುದಿಯಲ್ಲಿ ಕೂತಳು, ಅಮ್ಮ ಮಿಷನ್ನಿನ ಮುಂದೆ ಕೂರುತ್ತಿದ್ದ ಹಾಗೆ. ಹೊಲಿಗೆ ಮುಗಿದ ಮೇಲೆ ಮಡಿಲಿನ ಚೂರುಬಟ್ಟೆ, ದಾರ ಕೊಡವುವಂತೆ ಬಲಗೈಯಿಂದ ಮಡಿಲನ್ನೊಮ್ಮೆ ಸವರಿ ನೆಲಕ್ಕೆ ಚೆಲ್ಲಿದಳು. ಅದು ನಿನ್ನೆ.

ಹುಡುಗಿ ಪಕ್ಕದಲ್ಲಿ ಕೂತು ತನ್ನ ಮಡಿಲು ಸವರಿದಳು. ಸವರಿದ ಕೈಯನ್ನು ಒಮ್ಮೆ ನೋಡಿಕೊಂಡಳು, ಏನೋ ಮರೆತವಳಂತೆ. ಮತ್ತೆ ಕೈಯೆತ್ತಿ, ಕಿರುಬೆರಳು ಬಾಗಿಸಿ, ಸವರಿದಳು.

ಕೈಯಕ್ಕ ಆ ಬೆರಳನ್ನು ಮುಟ್ಟಲು ಹೋಗಲಿಲ್ಲ. ಇನ್ನೊಂದು ಸಲ ಮಾಡು ಎಂದು ಕೇಳಿದಳು.