ಹಕ್ಕಿ ಕೂಗಿದ ದಿಕ್ಕು

"ಕಾಡು ಸತ್ತುಹೋಗಿದೆ ಕಣೇ," ಎಂದ ಫೋಟೋಗ್ರಾಫರ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಬೆಳಗಿಂದ ಕೂತಿದ್ದೀವಿ, ಒಂದಾದ್ರೂ ಹಕ್ಕಿ ಉಸಿರೆತ್ತಿದೆಯಾ?"

ಹಸಿರು ಬಟ್ಟೆಯ ಪುಟ್ಟ ಗುಡಾರದೊಳಗೆ ಪಕ್ಕದಲ್ಲೇ ಕೂತಿದ್ದ ಹೆಂಡತಿ ಅವನ ಮುಖ ನೋಡಿದಳು. ತಮಾಷೆ ಅಂದುಕೊಂಡಳು. ಎಡಗಡೆಯ ಬಳ್ಳಿ ಹಬ್ಬಿದ ಮರದಲ್ಲಿ ನೊಣಹಿಡುಕ ಒಂದೇ ಸಮನೆ ಕೂಗುತ್ತಿತ್ತು, ಸೂಜಿಯಂಥ ಸಣ್ಣ ದನಿಯಲ್ಲಿ. ಇವನು ವಾರದಿಂದ ಹಂಬಲಿಸುತ್ತಿದ್ದ ನೀಲಿ ಹಕ್ಕಿ ಅದೇ. ಇಷ್ಟು ದಟ್ಟ ಎಲೆಗಳ ನಡುವೆ ಅದು ಸುಮ್ಮನೆ ಕಣ್ಣಿಗೆ ಬೀಳುವಂಥದ್ದಲ್ಲ. ಮೊದಲು ಕಿವಿಯಲ್ಲಿ ಹಿಡಿಯಬೇಕು. ಅದನ್ನು ಅವಳಿಗೆ ಹೇಳಿಕೊಟ್ಟವನೇ ಇವನು.

ತಮಾಷೆಯಲ್ಲ ಅಂತ ನಿಧಾನಕ್ಕೆ ಹೊಳೆಯಿತು. ಮಾತೆಲ್ಲ ಕೇಳಿಸುತ್ತಿದ್ದರೂ ಇಂಥ ಸಣ್ಣ ದನಿ ಇವನ ಕಿವಿಗೆ ಬೀಳುತ್ತಿಲ್ಲ. ಅಲಾರಂ ಹೊಡೆದುಕೊಂಡರೂ ಈಚೆಗೆ ಮಲಗೇ ಇರುತ್ತಿದ್ದ. ಜಾಣಕಿವುಡು ಅಂತ ಅವಳು ಬೈದಿದ್ದೇ ಬೈದಿದ್ದು.

"ಸಾಕು ಅನ್ಸುತ್ತೆ," ಎಂದ ಅವನು. "ಇದನ್ನೆಲ್ಲ ನಿನ್ನ ತಮ್ಮನಿಗೆ ಕೊಟ್ಟು ಮನೇಲಿ ಇದ್ದುಬಿಡೋಣ. ನಿಂಗೂ ಸಾಕಾಗಿದೆ."

"ಹೂಂ," ಎಂದಳು.

ಕಾಡಿಗೆ ಬಂದರೆ ಜನ ಮೈಮರೆಯುತ್ತಾರಂತೆ. ಅವಳಿಗೆ ಮಾತ್ರ ಇಲ್ಲಿ ಮೈ ಚೆನ್ನಾಗಿ ನೆನಪಿರುತ್ತಿತ್ತು: ಹಿಡಿದುಕೊಂಡ ಸೊಂಟ, ಜೋಮು ಹತ್ತಿದ ಕಾಲು, ಸೊಳ್ಳೆ ಕಚ್ಚಿದ ಕತ್ತು. ಅರ್ಧ ಆಯಸ್ಸು ಹೀಗೇ ಹೋಗಿತ್ತು. ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದಳೋ. ಈಗ ಸುಳ್ಳೂ ಹೇಳಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಅವಳಿಗೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು.

ಅವನು ಲೆನ್ಸ್ ಕಳಚಿ ಬಟ್ಟೆಯಲ್ಲಿ ಸುತ್ತತೊಡಗಿದ.

"ಎಷ್ಟೊಂದು ಇದ್ವು ಇಲ್ಲಿ," ಎಂದ. "ಪಾಪ, ಏನಾಗಿಹೋದ್ವೋ."

ದನಿ ಒಡೆದಿತ್ತು. ಇದನ್ನು ಮಾತ್ರ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಇವನು ಮನೆಯಲ್ಲಿ ಕೂತಿರಲಿ, ಬೇಕಾದರೆ ಸಿಡುಕುತ್ತಲೇ ಇರಲಿ. ಬದುಕಿರುವ ಹಕ್ಕಿಗಳಿಗೆ ಸೂತಕ ಹಿಡಿದು ಕೂತರೆ ನೋಡುವುದು ಹೇಗೆ?

"ತಾಳಿ, ಸುತ್ತಬೇಡಿ," ಎಂದಳು. "ಎಡಗಡೆ, ಬಳ್ಳಿ ಮರದಲ್ಲಿ. ಕೂಗ್ತಾ ಇದೆ."

ಅವನು ಉಸಿರು ಬಿಗಿಹಿಡಿದು ಆ ಕಡೆಗೆ ಕಿವಿಯೊಡ್ಡಿದ. ತಲೆ ವಾಲಿಸಿದ. ಇನ್ನೊಂದು ಕಿವಿ ತಿರುಗಿಸಿದ.

"ಯಾವಾಗಿಂದ?"

"ಬೆಳಗಿಂದ."

ಅವನು ಕೈಯಲ್ಲಿದ್ದ ಲೆನ್ಸನ್ನೇ ನೋಡುತ್ತಿದ್ದ. ಅಷ್ಟರಲ್ಲಿ ನೀಲಿ ಹಕ್ಕಿ ಎಲೆಗಳ ನಡುವಿಂದ ಹೊರಬಂದು ಎದುರಿನ ಒಣ ಕೊಂಬೆಯ ಮೇಲೆ, ಒಳ್ಳೆಯ ಬೆಳಕಿನಲ್ಲೇ ಕೂತಿತು. ಅದರ ಕೊಕ್ಕು ತೆರೆದು ಮುಚ್ಚುತ್ತಿತ್ತು. ಅವನು ಕ್ಯಾಮೆರಾಕ್ಕೆ ಕೈ ಹಾಕಲಿಲ್ಲ.

"ಹೇಗೆ ಕೂಗ್ತಿದೆ, ಹೇಳು."

ಅವಳು ಅವನ ಕಿವಿಗೆ ಬಾಯಿ ಹತ್ತಿರ ತಂದು, ತನಗೆ ಬಂದಷ್ಟು ದಪ್ಪ ದನಿಯಲ್ಲಿ, ಮೆಲ್ಲಗೆ ಕೂಗಿ ತೋರಿಸಿದಳು.